ವಲ್ಲಿಯ ಕೆಳಗಿನ ಕೈ

ರೋಣ, ಮಾರ್ಚ್ 1956

ಅಪ್ಪಾ,

ನೀವು ತೀರಿಕೊಂಡು ಮೂರು ತಿಂಗಳಾದವು. ಯಾವ ವಿಳಾಸಕ್ಕೂ ಹೋಗದ ಈ ಪತ್ರವನ್ನು ನಿಮ್ಮ ಗಾದಿಯ ಮೇಲೆಯೇ ಕೂತು ಬರೆಯುತ್ತಿದ್ದೇನೆ.

ಇಂದು ಮುಂಜಾನೆ ಅರಳೆ ಪೇಟೆಯಲ್ಲಿ ನಿಮ್ಮ ಜಾಗದಲ್ಲಿ ಮೊದಲ ಸಲ ದಲಾಲಿಗೆ ನಿಂತೆ. ಹೆಗಲ ವಲ್ಲಿಯ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಗುಟ್ಟಾಗಿ ದರ ಹೇಳುವ ನಿಮ್ಮ ಪದ್ಧತಿಯನ್ನು ಬಿ.ಕಾಂ. ತರಗತಿಯಲ್ಲಿ ನಾನು ಎದ್ದು ನಿಂತು ಹೀಯಾಳಿಸಿದ್ದೆ, ಹುಡುಗರೆಲ್ಲ ನಕ್ಕಿದ್ದರು. ಅದೇ ಹಟದಲ್ಲಿ ಇಂದು ದರವನ್ನು ಬಾಯಿಬಿಟ್ಟು ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಜಕ್ಕಲಿಯ ವ್ಯಾಪಾರಿ ಅಂದಾನೆಪ್ಪನವರ ಎದುರು ಕೂತು, ಅವರ ಮೊಣಕಾಲ ಮೇಲೆ ಹರಡಿದ್ದ ವಲ್ಲಿಯ ಕೆಳಗೆ ಕೈ ಇಟ್ಟೆ.

ತಣ್ಣನೆಯ ಕೈಯೊಂದು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಹಿಡಿದುಕೊಂಡಿತು. ಅದರ ತೋರುಬೆರಳು ಅರ್ಧವೇ ಇತ್ತು, ಅರಳೆಯ ಬೀಜ ಬಿಡಿಸುವ ಜಿನ್ನಿನ ಯಂತ್ರಕ್ಕೆ ಸಿಕ್ಕಿ ತುಂಡಾದ ನಿಮ್ಮ ಬೆರಳಿನಂತೆ. ಮುಖ ಎತ್ತಿದೆ. ಅಂದಾನೆಪ್ಪನವರು ಎರಡೂ ಕೈಯಿಂದ ರುಮಾಲು ಸುತ್ತಿಕೊಳ್ಳುತ್ತಿದ್ದರು.

“ತಡಿಯೋ ತಮ್ಮಾ, ನಾ ಇನ್ನೂ ಕೈ ಹಾಕಿಲ್ಲ. ಯಾಕ ಹಿಂಗ ಬೆವರಾಕತ್ತೀ?” ಎಂದರು.

ಆ ಕೈ ದರವನ್ನೇನೂ ಹೇಳಲಿಲ್ಲ, ಅಪ್ಪಾ. ಸುಮ್ಮನೆ ಹಿಡಿದುಕೊಂಡಿತ್ತು. ಹಾಸ್ಟೆಲಿನ ಬಾಗಿಲಲ್ಲಿ ರೊಟ್ಟಿಯ ಗಂಟು ಕೊಟ್ಟು, “ಸೂಟಿಗೆ ಮನೀಗೆ ಬರ್ತೀ ಹೌದಿಲ್ಲೋ?” ಎಂದು ಕೇಳುತ್ತ, ನನ್ನ ಗೆಳೆಯರ ಎದುರಿಗೇ ನೀವು ನನ್ನ ಕೈ ಹಿಡಿದುಕೊಂಡಿದ್ದಿರಲ್ಲ, ಹಾಗೆ.

ಇಂದೂ ಕೈ ಕಿತ್ತುಕೊಂಡವನು ನಾನೇ.