ಡಾಕ್ಟರು ಕೇಳಿದ್ದು ಅವಳನ್ನು

ತಂಗಿ,

ನೀನು ನಮ್ಮ ಮನೆ ಬಿಟ್ಟು ಮೂವತ್ತೊಂದು ವರ್ಷವಾಯಿತು. ವಿಳಾಸ ಗೊತ್ತಿಲ್ಲದ ಮೇಲೆ ಇದನ್ನು ಕಳಿಸುವ ಮಾತಿಲ್ಲ. ನಡೆದದ್ದನ್ನು ಬರೆದಿಡುತ್ತೇನೆ, ಅಷ್ಟೇ.

ಮೊಮ್ಮಗಳಿಗೆ ಹಳೆಯ ಸಿನಿಮಾ ರೀಲುಗಳನ್ನು ಒರೆಸಿ ಸರಿಪಡಿಸುವ ಕೆಲಸ. ತುಕ್ಕು ಹಿಡಿದ ಡಬ್ಬಿಯೊಂದರಲ್ಲಿ ಯಾರೂ ನೆನಪಿಟ್ಟುಕೊಳ್ಳದ ಬ್ರಿಟಿಷ್ ಚಿತ್ರವೊಂದು ಸಿಕ್ಕಿತಂತೆ. ಭಾನುವಾರ ಅದರ ಪ್ರತಿ ತಂದು ಟೀವಿಯಲ್ಲಿ ಹಾಕಿದಳು.

"ಇದ್ರಲ್ಲಿ ದೆವ್ವ ಇಲ್ಲ ಅಜ್ಜಿ. ಹೆದರಿಸೋಕೆ ಮನುಷ್ಯರೇ ಸಾಕು."

ಹೈಸ್ಕೂಲಿನಲ್ಲಿ ಕಲಿತ ಇಂಗ್ಲಿಷ್ ನನಗೆ ಸಾಕಾಯಿತು. ಚಿತ್ರದಲ್ಲಿ ತನ್ನ ಅಕ್ಕನ ಮನೆಯಲ್ಲಿರುವ ಹುಡುಗಿಯೊಬ್ಬಳು, ದಿನಾ ಮಧ್ಯಾಹ್ನ ತನ್ನ ಕೋಣೆಯ ಬಾಗಿಲಾಚೆ ಯಾರೋ ಬಂದು ನಿಲ್ಲುತ್ತಾರೆ ಎನ್ನುತ್ತಾಳೆ. ಅಕ್ಕ ಡಾಕ್ಟರನ್ನು ಕರೆಸುತ್ತಾಳೆ. ನಿನಗೆ ಏನು ಕೇಳಿಸುತ್ತದೆ ಎಂದು ಅವರು ಹುಡುಗಿಯನ್ನು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ, ಎಲ್ಲಾ ಇವಳ ಭ್ರಮೆ" ಎಂದು ನಾನು ಕುರ್ಚಿಯಿಂದಲೇ ಗಟ್ಟಿಯಾಗಿ ಹೇಳಿಬಿಟ್ಟೆ.

ಮೊಮ್ಮಗಳು ಚಿತ್ರ ನಿಲ್ಲಿಸಿ ನಕ್ಕಳು. "ಅಜ್ಜಿ, ಅವ್ರು ಕೇಳಿದ್ದು ಅವಳನ್ನ. ನೀವ್ಯಾಕೆ ಮಧ್ಯೆ ಮೂಗು ತೂರಿಸ್ತೀರಿ? ಅವಳೇ ಹೇಳ್ಲಿ ಬಿಡಿ."

ಅಂದು ನಿನ್ನನ್ನು ನೋಡಲು ಬಂದ ನಮ್ಮ ಡಾಕ್ಟರಿಗೂ ನಾನು ಹೇಳಿದ್ದು ಇದೇ ಮಾತು. ನೀನು ಹೇಳಲು ಬಾಯಿ ತೆರೆದಿದ್ದೆ.

ಬಾಗಿಲಾಚೆ ನಿಲ್ಲುತ್ತಿದ್ದವನು ಅಕ್ಕನ ಗಂಡ ಎಂದು ಚಿತ್ರದ ಕೊನೆಗೆ ತಿಳಿಯಿತು.

"ಊಹಿಸಿದ್ರಾ?" ಎಂದಳು ಮೊಮ್ಮಗಳು.

ಗೋಡೆಯ ಮೇಲೆ ನಿನ್ನ ಭಾವನ ಫೋಟೋ ಇದೆ, ಹಾರ ಹಾಕಿ ಆರು ವರ್ಷವಾಯಿತು. ನಾನು ಆ ಕಡೆ ತಿರುಗಲಿಲ್ಲ.

"ಡಾಕ್ಟರು ಬಂದ ಕಡೆಯಿಂದ ಇನ್ನೊಂದ್ಸಲ ಹಾಕು" ಎಂದೆ.

ಆ ಹುಡುಗಿ ತುಂಬಾ ಹೊತ್ತು ಮಾತಾಡಿದಳು. ನಾನು ಬಾಯಿ ಹಾಕಲಿಲ್ಲ.

ನಿನ್ನ ಅಕ್ಕ