ನಾನು ಕೆರೆಗೆ ಬಿಟ್ಟ ಎರಡು ಮೀನು

ಕೆರೆದಂಡೆಯ ಮನೆ,
ಹನ್ನೊಂದನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಆ ಲಾಡ್ಜಿನ ಮೂರು ಮಹಡಿ ಹತ್ತಿಳಿಯುವಾಗ ಕಂಬಿ ಹಿಡಿದುಕೋ, ದೋಣಿಯಲ್ಲಿ ನಿಂತ ಹಾಗೆ ಕೈಬಿಟ್ಟು ನಿಲ್ಲಬೇಡ. ನೋವಿನ ಎಣ್ಣೆ ಚೀಲದ ಪಕ್ಕದ ಜೇಬಿನಲ್ಲಿದೆ. ನೀನದನ್ನು ಇನ್ನೂ ಹೊರಗೆ ತೆಗೆದಿಲ್ಲ ಎಂದು ನನಗೆ ಗೊತ್ತು. ಅಮ್ಮ ಚೆನ್ನಾಗಿದ್ದಾಳೆ. "ಕಾನೂನು ಮಾಡ್ಸೋಕೆ ಹೋದ ಮನುಷ್ಯ ಶರ್ಟಿನ ಗುಂಡಿ ಸರಿಯಾಗಿ ಹಾಕ್ಕೊಳ್ತಿದ್ದಾನಾ ಕೇಳು" ಅಂದಳು, ಕೇಳಿದ್ದೇನೆ. ಗುಂಡಮ್ಮ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೆ, ಐದನೆಯದಕ್ಕೆ ಧೊಪ್ಪೆಂದು ಕೂತು, ಯಾರೋ ತಳ್ಳಿದರು ಎನ್ನುವ ಹಾಗೆ ಹಿಂದೆ ತಿರುಗಿ ನೋಡುತ್ತಾಳೆ. ಅವಳು ಮಲಗಿದರೂ ನಾನು ಮಲಗುವುದಿಲ್ಲ. ಉಸಿರಾಡುತ್ತಿದ್ದಾಳೋ ಎಂದು ಮೂಗಿನ ಬಳಿ ಬೆರಳಿಡುತ್ತೇನೆ, ಅವಳು ಸೀನಿ ಎದ್ದುಬಿಡುತ್ತಾಳೆ, ಆಮೇಲೆ ಇಬ್ಬರಿಗೂ ನಿದ್ದೆಯಿಲ್ಲ. ಇವರಂತೂ "ಮಗು ಸಾಕ್ತಿದ್ದೀಯೋ, ಪಹರೆ ಕಾಯ್ತಿದ್ದೀಯೋ" ಎಂದು ನಗುತ್ತಾರೆ. ಆದರೆ ಈಚೆಗೆ ನನ್ನ ನಿದ್ದೆ ಕೆಡಿಸಿದ್ದು ಮಗುವೊಂದೇ ಅಲ್ಲ ಅಪ್ಪಾ.

ನೀನು ಹೊರಡುವ ಮುಂಚೆ ನಿನ್ನ ಬಲೆ ಹರಿದ ಆ ಮೀನು ನೆನಪಿದೆಯಲ್ಲ, ಮೈಯೆಲ್ಲ ಚಿಪ್ಪಿನ ಕವಚ, ಬಾಯಿ ಹೊಟ್ಟೆಯ ಕಡೆಗೆ. ಅದನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕಿ, "ಯಾವ ಮುಠ್ಠಾಳ ಇದನ್ನ ತಂದು ಬಿಟ್ಟನೋ! ನಮ್ಮ ಮೀನಿನ ಮೊಟ್ಟೆಯೆಲ್ಲ ತಿಂದುಹಾಕುತ್ತೆ ಇದು!" ಎಂದು ಕೂಗಾಡಿದೆ. ನಾನು ಗುಂಡಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದೆ. ಬಾಲದ ತುದಿಯಲ್ಲಿ ಕಚ್ಚು ಕಂಡಿತು. ನಮ್ಮ ಗಾಜಿನ ತೊಟ್ಟಿಯ ಪಂಪಿಗೆ ಸಿಕ್ಕಿ ಹರಿದ ಬಾಲ ಅದು. ಆ ಮುಠ್ಠಾಳ ನಾನೇ ಅಪ್ಪಾ.

ಮಗು ಹುಟ್ಟಿದಾಗ ಇವರು ಆಸೆಪಟ್ಟು ಗಾಜಿನ ತೊಟ್ಟಿ ತಂದಿದ್ದರು. ಪಾಚಿ ತಿನ್ನುತ್ತವೆ ಎಂದು ಅಂಗಡಿಯವನು ಬೆರಳುದ್ದದ ಎರಡು "ಟ್ಯಾಂಕ್ ಕ್ಲೀನರ್" ಕೊಟ್ಟಿದ್ದ. ಅವು ಕುಂಬಳದ ಬಳ್ಳಿಯ ಹಾಗೆ ಬೆಳೆದವು. ಗುಂಡಮ್ಮ ಅಂಬೆಗಾಲಿಟ್ಟು ಹೋಗಿ ತೊಟ್ಟಿಯ ಸ್ಟ್ಯಾಂಡು ಅಲ್ಲಾಡಿಸಿದ ದಿನ ಓಡಿಹೋಗಿ ಅವಳನ್ನೆತ್ತಿಕೊಂಡೆ. ಗಾಜು ಒಡೆದು ಅವಳ ಮೇಲೆ ಬೀಳುವ ಚಿತ್ರ ಕಣ್ಣಿಂದ ಹೋಗಲೇ ಇಲ್ಲ. ಮಾರನೇ ಬೆಳಿಗ್ಗೆಯೇ ಚಿಕ್ಕ ಮೀನುಗಳನ್ನು ಪಕ್ಕದ ಮನೆಗೆ ಕೊಟ್ಟೆ. ಇವೆರಡು ಯಾರಿಗೂ ಬೇಡವಾದವು. ಕೊಲ್ಲಲು ಕೈ ಬರಲಿಲ್ಲ. ಬಲೆಗೆ ಸಿಕ್ಕ ಮರಿಗಳನ್ನು ನೀರಿಗೇ ಬಿಡಬೇಕು ಎಂದು ನಾನು ಏಳು ವರ್ಷದವಳಿದ್ದಾಗ ನೀನು ಕಲಿಸಿದೆಯಲ್ಲ, ಬೊಗಸೆಯನ್ನು ನೀರಲ್ಲಿ ಮುಳುಗಿಸಿ, ಅದು ತಾನಾಗಿ ಈಜಿ ಹೋಗುವವರೆಗೆ ಕೈ ಅಲ್ಲಾಡಿಸದೆ ಕಾಯಬೇಕು ಎಂದು? ಕೆರೆಯ ಮೆಟ್ಟಿಲಲ್ಲಿ ಕೂತು ಹಾಗೆಯೇ ಮಾಡಿದೆ. "ಹೋಗಿ, ಬದುಕಿಕೊಳ್ಳಿ" ಎಂದೆ. ಖಾಲಿ ಬಕೆಟ್ ಹಿಡಿದು ಮನೆಗೆ ಬರುವಾಗ ಪುಣ್ಯ ಕಟ್ಟಿಕೊಂಡವಳ ನಡಿಗೆ ನನ್ನದು! ಡಿಗ್ರಿ ಓದಿದ್ದು ಯಾತಕ್ಕೋ.

ನೀನು ಬೈದಾಗಲೇ ಹೇಳಬೇಕಿತ್ತು, ಮಗುವಿನ ನೆಪ ಮಾಡಿ ಒಳಗೆ ಹೋಗಿಬಿಟ್ಟೆ. ಆಮೇಲೆ ನಿನ್ನ ಕಾಗದ ಬಂತು. ಹೊರಗಿನ ಮೀನು ತಡೆಯುವ ಕಾನೂನಿನ ವಿಚಾರಣೆಯಲ್ಲಿ ಅಲಂಕಾರದ ಮೀನಿನ ಸಗಟು ವ್ಯಾಪಾರಿ ಎದ್ದು ನಿಂತು, "ದುಡ್ಡು ಕೊಟ್ಟು ಸಾಕಿದ ಮೀನನ್ನ ಕೆರೆಗೆ ಬಿಡೋರು ಯಾರ್ರೀ? ಒಬ್ಬರನ್ನ ತೋರಿಸಿ, ಆಮೇಲೆ ಕಾನೂನು ಮಾಡಿ" ಎಂದನಂತೆ, ನೀನು ಉತ್ತರ ತೋಚದೆ ಕೂತುಬಿಟ್ಟೆಯಂತೆ. ಆ ಸಾಲನ್ನು ಮೂರು ಸಲ ಓದಿದೆ. ನನ್ನಪ್ಪ ಕೂತದ್ದು ನನ್ನಿಂದ. ಅವತ್ತೇ ಗುಂಡಮ್ಮನನ್ನು ಎತ್ತಿಕೊಂಡು ಮೀನುಗಾರಿಕೆ ಇಲಾಖೆಗೆ ಹೋದೆ. ಅಲ್ಲಿನ ಮೇಡಂ ಬೈಯುತ್ತಾರೆಂದು ಕಾದೆ. ಅವರು ಎಷ್ಟು, ಎಲ್ಲಿ, ಯಾವಾಗ ಎಂದು ಕೇಳಿ ಬರೆದುಕೊಂಡರು, ಅಷ್ಟೆ. ಹೊರಡುವಾಗ "ಹೇಳೋಕೆ ಬಂದವರಲ್ಲಿ ನೀವೇ ಮೊದಲನೆಯವರು. ಬಿಟ್ಟವರಲ್ಲಿ ಅಲ್ಲ" ಎಂದರು.

ಈ ಮೀನು ದಂಡೆಯ ಮಣ್ಣಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದಂತೆ. ಹಾಗಾಗಿ ಇಲಾಖೆಯವರು ಬಲೆ ಹೆಣೆಯುವ ಮಾವನ ದೋಣಿಯಲ್ಲಿ ಮೂರು ದಿನ ದಂಡೆಯುದ್ದಕ್ಕೂ ಬಿಲ ಹುಡುಕಿದರು. ಮೂರನೇ ದಿನ, ನಾನು ಕೂತಿದ್ದ ಮೆಟ್ಟಿಲ ಕೆಳಗೇ ಸಿಕ್ಕಿತು ಎರಡನೆಯದು! ಮೊಳದುದ್ದ ಆಗಿತ್ತು. ಮಾವ ಅದನ್ನೆತ್ತಿ ಹಿಡಿದು, "ನಿನ್ನಿಂದ ನಮ್ಮ ಭಾವ ಊರೂರು ಅಲೀತಿದ್ದಾನೆ, ನೀನಿಲ್ಲಿ ತಣ್ಣಗೆ ಮನೆ ಮಾಡ್ಕೊಂಡಿದ್ದೀಯಾ!" ಎಂದು ಗದರಿಸಿದ. ಮೊಟ್ಟೆಯಿಲ್ಲ, ಮರಿಯೂ ಇಲ್ಲ. "ಆರು ತಿಂಗಳು ನೋಡ್ತಾನೇ ಇರಬೇಕು, ಆದ್ರೂ ಧೈರ್ಯವಾಗಿರಿ" ಎಂದರು ಮೇಡಂ. ಆ ದಿನ ನಾನು ಸತತ ನಾಲ್ಕು ಗಂಟೆ ಮಲಗಿದೆ. ಮೂಗಿಗೆ ಬೆರಳಿಟ್ಟು ಯಾರೂ ಎಬ್ಬಿಸಲಿಲ್ಲ ಎಂದು ಗುಂಡಮ್ಮನಿಗೇ ಆಶ್ಚರ್ಯವಾಗಿರಬೇಕು.

ಇನ್ನೊಂದು ಸಂಗತಿ ಕೇಳು. ಇವರು ನಮಗೆ ಮೀನು ಕೊಟ್ಟ ಅಂಗಡಿಯವನನ್ನು ಕಾಡಿ ಬೇಡಿ, ಬಾಗಿಲಲ್ಲಿ ಒಂದು ಟಬ್ ಇಡಿಸಿ, "ಬೇಡವಾದ ಮೀನು ಇಲ್ಲಿ ಕೊಡಿ" ಎಂದು ತಾವೇ ಬೋರ್ಡು ಬರೆದರು. ಐದು ದಿನಕ್ಕೆ ಹನ್ನೊಂದು ಬಂದಿವೆ. ನಿವೃತ್ತ ಮೇಷ್ಟ್ರೊಬ್ಬರು ಮನೆಯ ಕುಕ್ಕರಿನಲ್ಲೇ ಹೊತ್ತು ತಂದರಂತೆ, ಹಿಂದೆಯೇ ಅವರ ಹೆಂಡತಿ ಕುಕ್ಕರು ವಾಪಸು ಒಯ್ಯಲು. ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಕೆರೆಗೆ ಬಿಡೋಣ ಅಂತಿದ್ದೆ."

ಗುಂಡಮ್ಮ ಹೊರಳಾಡುತ್ತಿದ್ದಾಳೆ, ಮುಗಿಸುತ್ತೇನೆ. ಅಮ್ಮನ ಬೈಗುಳ, ಇವರ ನಮಸ್ಕಾರ, ಮೊಮ್ಮಗಳ ಮುತ್ತು ಎಲ್ಲ ಇದರೊಳಗಿವೆ. ಮೂಲೆಯ ಒದ್ದೆ ಕಲೆ ಅವಳದೇ ಜೊಲ್ಲು. ಬೈಯುವುದಿದ್ದರೆ ಬಂದು ಎದುರಿಗೇ ಬೈ.

ನಿನ್ನ
ಪುಟ್ಟಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಸೋಮವಾರದ ಕೊನೆಯ ವಿಚಾರಣೆಯಲ್ಲಿ ಆ ವ್ಯಾಪಾರಿ ಮತ್ತೆ "ಒಬ್ಬರನ್ನ ತೋರಿಸಿ" ಎಂದರೆ, ಈ ಕಾಗದ ಓದು. ಯಾರೋ ಒಬ್ಬ ಹೆಂಗಸು ಎನ್ನಬೇಡ, ನನ್ನ ಮಗಳು ಎನ್ನು. ನೀನು ಕಳಿಸಿದ ಕಾನೂನಿನ ಕರಡನ್ನು ಓದಿದೆ. ಹೊರಗಿನ ಮೀನು ತರಿಸುವುದಕ್ಕೆ, ಮಾರುವುದಕ್ಕೆ ತಡೆ ಇರಲಿ, ಬಿಟ್ಟವರಿಗೆ ಶಿಕ್ಷೆಯೂ ಇರಲಿ. ಆದರೆ ತಾನಾಗಿ ಬಂದು ಹೇಳಿದವರಿಗೂ ಅದೇ ಶಿಕ್ಷೆ ಎಂದಿದೆ. ಆ ಸಾಲು ತೆಗೆಸು. ಬೇಡವಾದ ಮೀನು ಕೊಡಲು ಊರೂರಿಗೆ ಒಂದು ತೊಟ್ಟಿ ಎಂದು ಸೇರಿಸು. ನನ್ನನ್ನು ಉಳಿಸುವುದಕ್ಕೆಂದು ತಿಳಿಯಬೇಡ, ನನಗೇನು ಬಂದರೂ ಬರಲಿ. ನನ್ನ ಹಿಂದೆ ಮೆಟ್ಟಿಲ ಮೇಲೆ ಬಕೆಟ್ ಹಿಡಿದು ನಿಂತವರು ವಾಪಸು ತಿರುಗಲು ಒಂದು ದಾರಿ ಬೇಕು, ಅದಕ್ಕೆ. ಎದ್ದಳು, ಬಂದೆ.