ದೋಣಿ ಥಾಮಸನ ಹೆಂಡತಿ

ಫೆಬ್ರುವರಿ 8, ಶನಿವಾರ

ಮತ್ತೆ ಸ್ಯಾನ್ ರಮೋನ್, ಅತ್ತೆಯ ಮನೆಗೆ. ಸುನೋಲ್ ಏರು ದಾಟುವವರೆಗೆ 680ರ ಹೆದ್ದಾರಿಯಲ್ಲಿ ಕಾರು ತೆವಳಿದ್ದೇ ತೆವಳಿದ್ದು. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಕೋಟು ತೆಗೆಯಲೂ ಬಿಡಲಿಲ್ಲ. "ಎಲ್ಲಿಗೆ ನಿಲ್ಲಿಸಿದ್ದೆವು?"

ಪಕ್ಕದ ಮನೆಯಾಕೆ ಇವತ್ತು ಕೇಳಿದಳು, 'ಅತ್ತೆ' ಅನ್ನುವುದು ಡೊರತಿಯ ಪೆಟ್ ನೇಮಾ ಅಂತ. ಹೌದು ಎಂದೆ. ನನ್ನ ಗಂಡ ಆಲನ್‌ನ ತಾಯಿಯನ್ನು ಹೆಸರು ಹಿಡಿದು ಕರೆಯಲು ಮದುವೆಯಾದಾಗ ನಾಲಿಗೆ ಏಳಲಿಲ್ಲ, ಈಗಲೂ ಏಳುವುದಿಲ್ಲ. ಅವರಿಗೂ ಅಭ್ಯಾಸವಾಗಿದೆ.

ಅತ್ತೆಯ ಕಣ್ಣು ಇನ್ನಷ್ಟು ಮಂಜಾಗಿದೆ. ಅಕ್ಷರ ಕಾಣುವುದಿಲ್ಲ, ಅಕ್ಷರದ ಸುತ್ತಲಿನ ಬಿಳಿ ಕಾಗದ ಕಾಣುತ್ತದೆ, ಅಂತಾರೆ. ಅದಕ್ಕೇ ಅವರು ಕಲೆಹಾಕಿದ ಹಳೇ ದಾಖಲೆಗಳನ್ನು ನಾನು ಓದುವುದು, ಅವರು ಕೇಳುವುದು. ಹ್ಯಾವರ್‌ಫೀಲ್ಡ್ ಎಂಬ ಊರು, ಮ್ಯಾಸಚೂಸೆಟ್ಸ್, 1640ರ ಆಚೀಚೆ. ಇಂಗ್ಲೆಂಡಿನಿಂದ ಬಂದಿಳಿದ ಮೊದಲ ತಲೆಮಾರು. ಅವರ ಗಂಡನ ವಂಶ. ನನ್ನ ಗಂಡನದೂ ಅದೇ.

ತೊಂದರೆ ಇಷ್ಟೇ: ಆ ಒಂದೇ ಊರಲ್ಲಿ ಇಬ್ಬರು ಥಾಮಸ್ ಸ್ಟೆಡ್ಲಿ. ಕೋರ್ಟಿನ ಕಾಗದದಲ್ಲಿ ಒಮ್ಮೊಮ್ಮೆ ಸೀನಿಯರ್, ಜೂನಿಯರ್ ಎಂದು ಬರೆದಿದ್ದಾರೆ. ಅಪ್ಪ–ಮಗ ಇರಬೇಕು ಅಂದುಕೊಂಡಿದ್ದೆ. "ಅಲ್ಲ," ಅಂದರು ಅತ್ತೆ. "ಆ ಕಾಲದಲ್ಲಿ ಹಾಗಂದರೆ ಊರಿನಲ್ಲಿ ದೊಡ್ಡವನು, ಚಿಕ್ಕವನು. ಅಷ್ಟೇ. ನೆಂಟರೇ ಆಗಬೇಕಿಲ್ಲ."

ಒಬ್ಬ ಮ್ಯಾಜಿಸ್ಟ್ರೇಟ್, ಸೊಗಸಾಗಿ ಸಹಿ ಹಾಕುತ್ತಾನೆ. ಇನ್ನೊಬ್ಬ ಹೊಳೆ ದಾಟಿಸುವವನು, ಓದುಬರಹವಿಲ್ಲ, ಸಹಿಯ ಜಾಗದಲ್ಲಿ ಒಂದು ಗೀಟು. ಈ ಸಮಸ್ಯೆ ನನಗೇನು ಹೊಸದೇ? ನಮ್ಮ ಮನೆಯಲ್ಲೇ ಅಪ್ಪ ಮೇಷ್ಟ್ರು ಶ್ರೀಕಂಠ, ಅವರ ತಾತ ಅಮಲ್ದಾರ್ ಶ್ರೀಕಂಠಯ್ಯ. ಯಾರೂ ಕಲಸಿಕೊಂಡಿದ್ದಿಲ್ಲ. ಹಾಗಾಗಿ ಇವರಿಗೂ ಹೆಸರಿಟ್ಟೆ. ಅಮಲ್ದಾರ್ ಥಾಮಸ್. ದೋಣಿ ಥಾಮಸ್. ಅತ್ತೆ ಎರಡು ಸಲ ಹೇಳಿಸಿಕೊಂಡು ಕಲಿತರು. 'ಡೋನೀ ಥಾಮಸ್.'

ನಮ್ಮವನು ದೋಣಿಯವನು. ಅತ್ತೆ ಐವತ್ತು ವರ್ಷ ಸವೆಸಿ ಕಂಡುಕೊಂಡದ್ದು ಅದು.

ಫೆಬ್ರುವರಿ 16, ಭಾನುವಾರ

ಬರೆದೇ ಮಲಗುವುದು.

ಗೋರ್ಡನ್ ತನ್ನ ವಂಶಾವಳಿ ಪುಸ್ತಕದ ಡ್ರಾಫ್ಟ್ ಕಳಿಸಿದ್ದಾನೆ. ಆಲನ್‌ನ ದೊಡ್ಡಪ್ಪನ ಮಗ, ವಾಲ್ನಟ್ ಕ್ರೀಕ್‌ನಲ್ಲಿರುವವನು, ಸ್ಟೆಡ್ಲಿ ವಂಶದ ಸಂಘಕ್ಕೆ ಅಧ್ಯಕ್ಷ. ನಮ್ಮಲ್ಲಾದರೆ ಭಾವ ಎನ್ನಬೇಕು. ಬಾಯಿಗೆ ಬರುವುದಿಲ್ಲ.

ಇಬ್ಬರು ಥಾಮಸರನ್ನೂ ಸೇರಿಸಿ ಒಬ್ಬನನ್ನು ಮಾಡಿಬಿಟ್ಟಿದ್ದಾನೆ. ದೋಣಿಯವನ ಮಕ್ಕಳು ಅಮಲ್ದಾರನ ಮಕ್ಕಳಾಗಿದ್ದಾರೆ. ಏಕೆಂದರೆ ಅಮಲ್ದಾರನಿಗೆ ಇಂಗ್ಲೆಂಡಿನಲ್ಲಿ ಲಾಂಛನವಿತ್ತಂತೆ, ಎಲ್ಲೋ ಒಬ್ಬ ರಾಜನ ರಕ್ತವಂತೆ. ಮುಖಪುಟದಲ್ಲೇ ಆ ಲಾಂಛನದ ಸಿಂಹ.

ಆದರೆ ಇಬ್ಬರಿಗೂ ಹೆಂಡಂದಿರಿದ್ದರಲ್ಲ. ಅಮಲ್ದಾರನ ಹೆಂಡತಿ ಆನ್. ದೋಣಿಯವನ ಹೆಂಡತಿ ಮೇರಿ. ಒಂದೇ ವರ್ಷ ಒಬ್ಬ ಥಾಮಸ್ ಜಮೀನು ಮಾರುವಾಗ ಆನ್ ಒಪ್ಪಿಗೆ ಕೊಟ್ಟಿದ್ದಾಳೆ, ಇನ್ನೊಬ್ಬ ಮಾರುವಾಗ ಮೇರಿ. ಮುಂದೆ ದೋಣಿ ಥಾಮಸ್ ಹೊಳೆಯಲ್ಲಿ ಮುಳುಗಿ ಸತ್ತ. ಮೇರಿ ಕೋರ್ಟಿಗೆ ಹೋಗಿ, ದೋಣಿ ನಾನೇ ನಡೆಸುತ್ತೇನೆ ಎಂದು ಕೇಳಿ, ನಡೆಸಿ, ಮಕ್ಕಳನ್ನು ದಡ ಹತ್ತಿಸಿದಳು.

ಗೋರ್ಡನ್ ಏನು ಮಾಡಿದ? 'ಮೊದಲ ಪತ್ನಿ ಮೇರಿ, ಬೇಗ ತೀರಿಕೊಂಡಳು.' ಸಾಕ್ಷಿ ಇಲ್ಲ, ತಾರೀಕಿಲ್ಲ. ಲೆಕ್ಕ ಕೂಡಲಿ ಅಂತ ಒಬ್ಬ ಹೆಂಗಸನ್ನು ಸಾಯಿಸಿದ. ಅವಳು ಹೆತ್ತು ಸಾಕಿದ ಮಕ್ಕಳನ್ನು ಎತ್ತಿ ಆನ್ ಮಡಿಲಿಗೆ ಹಾಕಿದ.

ನಾನು ಕೆಲಸ ಮಾಡುವುದು ಆಸ್ಪತ್ರೆಯ ಲ್ಯಾಬಿನಲ್ಲಿ. ಒಂದೇ ಹೆಸರಿನ ಇಬ್ಬರು ಪೇಷೆಂಟುಗಳ ರಕ್ತ ಅದಲುಬದಲಾದರೆ ನಮ್ಮನ್ನು ಮನೆಗೆ ಕಳಿಸುತ್ತಾರೆ. ಇಲ್ಲಿ ಹಾರ್ಡ್ ಬೌಂಡ್ ಪುಸ್ತಕ ಮಾಡುತ್ತಾರೆ.

ಇನ್ನೂ ಇದೆ. ಹಿಂಬದಿಯಲ್ಲಿ ಈಗಿನ ತಲೆಮಾರು. ಎಲ್ಲ ಸೊಸೆಯಂದಿರಿಗೂ ಅಪ್ಪ, ಅಮ್ಮ, ಅಜ್ಜ, ಅಜ್ಜಿ. ನನ್ನ ಸಾಲಿನಲ್ಲಿ: 'ಪ್ರಭಾ (ಭಾರತ).'

ಅಷ್ಟೇ. ಇಡೀ ದೇಶವೇ ನನ್ನ ತವರು, ಅಪ್ಪ ಅಮ್ಮ ಮಾತ್ರ ಇಲ್ಲ.

ಮಾರ್ಚ್ 1, ಶನಿವಾರ

ಗೋರ್ಡನ್‌ಗೆ ಫೋನು. ಅತ್ತೆ ಪಕ್ಕದಲ್ಲೇ, ಸ್ಪೀಕರಿನಲ್ಲಿ.

ಮೇರಿ 1661ರಲ್ಲಿ ಕೋರ್ಟಿನಲ್ಲಿ ನಿಂತಿದ್ದಾಳಲ್ಲ, ಬೇಗ ಸತ್ತದ್ದು ಹೇಗೆ ಎಂದು ಕೇಳಿದೆ.

"ಅದು ಬೇರೆ ಮೇರಿ ಇರಬೇಕು."

"ಯಾವ ಮೇರಿ?"

"ಆಗ ಊರ ತುಂಬ ಮೇರಿಗಳು, ಪ್ರಭಾ."

ನೋಡು ನ್ಯಾಯ. ಬೇಕೆಂದಾಗ ಇಬ್ಬರು ಗಂಡಸರು ಒಬ್ಬನಾಗಬೇಕು. ಬೇಡವಾದಾಗ ಒಬ್ಬ ಹೆಂಗಸು ಇಬ್ಬರಾಗಬೇಕು.

ಅತ್ತೆ ಮೆಲ್ಲಗೆ ಹೇಳಿದರು, "ಗೋರ್ಡನ್, ಸಹಿ ಬಲ್ಲವನು ನಾಲ್ಕು ವರ್ಷ ಬಿಟ್ಟು ಗೀಟು ಎಳೆಯುವುದಿಲ್ಲ."

"ಕೈ ನೋವಿದ್ದಿರಬಹುದು, ಆಂಟ್ ಡೊರತಿ."

ಆಮೇಲೆ ಬಂತು ನಿಜವಾದ ಮಾತು. "ನಿಮ್ಮಿಬ್ಬರ ಉತ್ಸಾಹ ದೊಡ್ಡದು. ಆದರೆ ನೀವಿಬ್ಬರೂ ಮದುವೆಯಾಗಿ ಬಂದವರು. ಇದು ರಕ್ತದ ವಿಷಯ. ಹ್ಯಾವರ್‌ಫೀಲ್ಡಿನ ಹಳೇ ಸ್ಮಶಾನದಲ್ಲಿ ಸ್ಮಾರಕದ ಕಲ್ಲು ನಿಲ್ಲಿಸುತ್ತಿದ್ದೇವೆ. ಅದರ ಒಕ್ಕಣೆಯನ್ನು ಸಂಘದ ಪಿಕ್ನಿಕ್ ದಿನ ಓದುತ್ತೇನೆ. ಎಲ್ಲರಿಗೂ ಖುಷಿಯ ದಿನ. ದಯವಿಟ್ಟು ಕೆಡಿಸಬೇಡಿ."

ಮದುವೆಯಾಗಿ ಬಂದವರು. ಮೇರಿಯೂ ಮದುವೆಯಾಗಿಯೇ ಬಂದವಳು, ಆನ್ ಕೂಡ. ವಂಶವೃಕ್ಷಕ್ಕೆ ನೀರು ಹೊತ್ತವರೆಲ್ಲ ಸೊಸೆಯಂದಿರೇ. ನೆರಳಲ್ಲಿ ಕೂತವರು ಮಾತ್ರ...

ಅತ್ತೆ ಫೋನಿಟ್ಟರು. "ಕ್ಲೋಸೆಟ್ಟಿನಲ್ಲಿರುವ ಕಾಗದಗಳನ್ನೆಲ್ಲ ರೀಸೈಕ್ಲಿಂಗಿಗೆ ಹಾಕು, ಪ್ರಭಾ," ಅಂದರು.

ಹಾಕಲಿಲ್ಲ. ಕಾರಿನ ಡಿಕ್ಕಿಗೆ ತುಂಬಿಕೊಂಡು ಬಂದೆ.

ಏಪ್ರಿಲ್ 5, ಶನಿವಾರ

ಅತ್ತೆ ಒಂದು ತಿಂಗಳಿಂದ ಬರಬೇಡ ಅನ್ನುತ್ತಿದ್ದರು. ಹೋಗಿರಲಿಲ್ಲ. ಇವತ್ತು ಹೇಳದೆ ಹೋದೆ, ಬಿಸಿಬೇಳೆ ಬಾತ್ ಕಟ್ಟಿಕೊಂಡು. ಅದಕ್ಕೆ ಇಲ್ಲ ಅನ್ನುವವರಲ್ಲ.

ಉಂಡ ಮೇಲೆ ಅವರೇ ಶುರು ಮಾಡಿದರು. ಮೊದಲ ಸಲ ಹ್ಯಾವರ್‌ಫೀಲ್ಡ್‌ಗೆ ಹೋದದ್ದು ಬಸ್ಸಿನಲ್ಲಂತೆ, ಪುಟ್ಟ ಆಲನ್‌ನನ್ನು ಕಂಕುಳಲ್ಲಿ ಇಟ್ಟುಕೊಂಡು. ಮಾವನವರು ನಕ್ಕಿದ್ದರಂತೆ, ಸತ್ತವರನ್ನು ನೋಡಲು ಅಷ್ಟು ದೂರವೇ ಎಂದು. ಅಲ್ಲಿಯ ದಾಖಲೆ ಆಫೀಸಿನವನು ಕೇಳಿದನಂತೆ, ಯಾರಿಗಾಗಿ ಹುಡುಕುತ್ತಿದ್ದೀರಿ, ಗಂಡನಿಗಾಗಿಯೇ? "ಇಲ್ಲ, ನನಗೆ ಗೊತ್ತಾಗಬೇಕು ಅಂದೆ. ಅವನಿಗೆ ಅರ್ಥವೇ ಆಗಲಿಲ್ಲ."

ಸ್ವಲ್ಪ ತಡೆದು ಅಂದರು, "ಪಿಕ್ನಿಕ್ಕಿಗೆ ನಾನು ಬರುತ್ತೇನೆ. ಅತ್ತೆಯನ್ನು ನೀನೇ ಕರೆದುಕೊಂಡು ಹೋಗಬೇಕು."

ತಮ್ಮನ್ನು ತಾವೇ ಅತ್ತೆ ಎಂದು ಕರೆದುಕೊಂಡರು. ನಗಲಿಲ್ಲ ನಾನು. ಡಿಕ್ಕಿಯಿಂದ ಎಲ್ಲ ಒಳಗೆ ತಂದೆ.

ಮೇ 31, ಶನಿವಾರ

ಪಾರ್ಕಿನಲ್ಲಿ ಗಾಳಿಯೋ ಗಾಳಿ. ಪೇಪರ್ ಪ್ಲೇಟುಗಳು ಹಾರುತ್ತಿದ್ದವು. ಮಕ್ಕಳಿಗೆ ಸಿಂಹದ ಟೀಶರ್ಟು. ಮಗಳು ಮಾನ್ಯಾ ಮೌಂಟನ್ ವ್ಯೂನಿಂದ ಬಂದಿದ್ದಳು. ಅವಳಿಗೂ ಒಂದು ಕೊಟ್ಟರು. ಮಡಿಸಿ ಬ್ಯಾಗಿಗೆ ಹಾಕಿದಳು.

ಊಟದ ನಂತರ ಗೋರ್ಡನ್ ಮೈಕು ಹಿಡಿದ. ಕಲ್ಲಿನ ಒಕ್ಕಣೆ ಓದಿದ. ಮ್ಯಾಜಿಸ್ಟ್ರೇಟ್ ಥಾಮಸ್, ಧರ್ಮಪತ್ನಿ ಆನ್, ಅವರ ಸಂತಾನ ನಾವೆಲ್ಲ. ಚಪ್ಪಾಳೆ.

ಅತ್ತೆ ನನ್ನ ತೋಳು ಹಿಡಿದು ಎದ್ದರು. ಮೈಕು ಬೇಡ ಅಂದರು.

"ಗೋರ್ಡನ್, ಥಾಮಸ್ ಮುಳುಗಿದ ಮೇಲೆ ದೋಣಿ ನಡೆಸಿದವರು ಯಾರು?"

"ಆಂಟ್ ಡೊರತಿ, ಅದನ್ನು ಆಮೇಲೆ..."

"ಮ್ಯಾಜಿಸ್ಟ್ರೇಟ್ ಸತ್ತದ್ದು ಹಾಸಿಗೆಯ ಮೇಲೆ, ಮುದುಕನಾಗಿ. ನಿನ್ನ ಪುಸ್ತಕದಲ್ಲೇ ಇದೆ. ಹಾಗಿದ್ದರೆ ಮುಳುಗಿದವನು ಯಾರು? ಒಬ್ಬ ಮನುಷ್ಯ ಎಷ್ಟು ಸಲ ಸಾಯಬೇಕು?"

ಯಾರೋ ನಕ್ಕರು. ಗೋರ್ಡನ್ ಕೆಂಪಾದ. ನಾನು ಸಹಿಯ ಪ್ರತಿ, ಗೀಟಿನ ಪ್ರತಿ, ಆನ್ ಮತ್ತು ಮೇರಿ ಇಬ್ಬರ ಒಪ್ಪಿಗೆಯ ಪ್ರತಿ ಹಿಡಿದು ಮೇಜಿನಿಂದ ಮೇಜಿಗೆ ತೋರಿಸುತ್ತ ಹೋದೆ. ಆಗ ಅವನು ಮೈಕಿನಲ್ಲೇ ಹೇಳಿದ, "ಪ್ರಭಾ, ಕುಟುಂಬದವರು ಮಾತಾಡಲಿ, ಪ್ಲೀಸ್."

ಇಡೀ ಪಾರ್ಕಿಗೆ ಕೇಳಿಸಿತು.

ಆಲನ್ ಕಡೆ ನೋಡಿದೆ. ಆಲನ್ ಐಸ್ ಬಾಕ್ಸಿನ ಮುಚ್ಚಳ ಸರಿಪಡಿಸುತ್ತಿದ್ದ.

"ನನ್ನ ಮಗಳು ಕುಟುಂಬದವಳು ತಾನೇ?" ಎಂದೆ. "ಅವಳನ್ನು ಹೆತ್ತವಳು ನಾನು. ನಿಮ್ಮ ಪುಸ್ತಕದಲ್ಲಿ ಅವಳ ಅರ್ಧ ಮರವೇ ಇಲ್ಲ." ದನಿ ಒಡೆಯಿತು. ಒಡೆಯಬಾರದಿತ್ತು.

ಪ್ಲೆಸೆಂಟನ್‌ನಿಂದ ಬಂದಿದ್ದ ಹಿರಿಯರೊಬ್ಬರು, ರಿಟೈರಾದ ಫೈರ್ ಕ್ಯಾಪ್ಟನ್, ಗೀಟಿನ ಪ್ರತಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. "ಗಂಡನನ್ನು ನುಂಗಿದ ಹೊಳೆಯಲ್ಲೇ ದೋಣಿ ಹಾಕಿದಳೇ ಈಕೆ? ಇಂಥವಳನ್ನು ಬಿಟ್ಟು ನಮಗೆ ರಾಜ ಯಾಕೆ ಬೇಕು?"

ಎಲ್ಲರ ಕೈ ಎತ್ತಿಸಿ ಮತ ಎಣಿಸಿದರು. ಹೊರಗಿನ ಪರಿಣತರು ಅತ್ತೆಯ ಸಂಶೋಧನೆ ನೋಡುವವರೆಗೆ ಕಲ್ಲೂ ಇಲ್ಲ, ಪುಸ್ತಕವೂ ಇಲ್ಲ. ಸ್ವಲ್ಪದರಲ್ಲೇ ಗೆದ್ದದ್ದು.

ಜೂನ್ 1, ಭಾನುವಾರ

ಆಲನ್ ಜೊತೆ ಮಾತಿಲ್ಲ. ಬೆಳಿಗ್ಗೆ ಅವನೇ ಕಾಫಿ ತಂದಿಟ್ಟ. ಕುಡಿಯಲಿಲ್ಲ.

"ಏನು ಹೇಳಬೇಕೋ ತೋಚಲಿಲ್ಲ," ಅಂದ.

"'ಅವಳು ನನ್ನ ಹೆಂಡತಿ.' ಇಷ್ಟು ಹೇಳಿದ್ದರೆ ಸಾಕಿತ್ತು."

ಮಧ್ಯಾಹ್ನ ಒಳಗೆ ಕೂತು ಗೋರ್ಡನ್‌ಗೆ ಫೋನು ಮಾಡಿದ. ಬಾಗಿಲು ಮುಚ್ಚಿತ್ತು, ಮಾತು ಕೇಳಿಸಲಿಲ್ಲ. ದನಿ ಮಾತ್ರ ಜೋರಿತ್ತು. ಇಷ್ಟು ವರ್ಷದಲ್ಲಿ ಅಷ್ಟು ಜೋರು ದನಿ ಕೇಳಿರಲಿಲ್ಲ. ಆದರೂ ಪಾರ್ಕಿನಲ್ಲಿ ಆಗಬೇಕಾದದ್ದು ರೂಮಿನಲ್ಲಾಯಿತು.

ಸಂಜೆ ಕಾಫಿ ಕುಡಿದೆ.

ಜುಲೈ 19, ಶನಿವಾರ

ಪರಿಶೀಲಿಸಲೆಂದು ನಾವು ಎಲ್ಲ ಪ್ರತಿಗಳನ್ನು ಕಳಿಸಿದ್ದ ಬೋಸ್ಟನ್ನಿನ ವಂಶಾವಳಿ ಪತ್ರಿಕೆಯ ಸಂಪಾದಕಿ ಫೋನು ಮಾಡಿದರು. ಇಬ್ಬರು ಥಾಮಸರು, ಇದರಲ್ಲಿ ಎರಡು ಮಾತಿಲ್ಲ. ಲೇಖನ ಅಚ್ಚಾಗುತ್ತದೆ, ಡೊರತಿ ಸ್ಟೆಡ್ಲಿ ಹೆಸರಿನಲ್ಲಿ. ಮೇರಿಯ ತವರಿನ ಹೆಸರು ಮಾತ್ರ ಎಲ್ಲೂ ಸಿಗದು, ಹುಡುಕಿ ಸುಸ್ತಾಗಬೇಡಿ ಎಂದರು.

ಅತ್ತೆ ಅಳಬಹುದು ಅಂದುಕೊಂಡಿದ್ದೆ. ಬಿಸಿಬೇಳೆ ಬಾತ್ ಇದೆಯಾ ಅಂತ ಕೇಳಿದರು. ತಂದಿರಲಿಲ್ಲ. ಬೈಸಿಕೊಂಡೆ.

ಆಗಸ್ಟ್ 2, ಶನಿವಾರ

ಗೋರ್ಡನ್‌ನ ಇಮೇಲು. ಕ್ಷಮೆ ಗಿಮೆ ಇಲ್ಲ. 'ಹೊಸ ಮಾಹಿತಿಯ ಬೆಳಕಿನಲ್ಲಿ' ಪುಸ್ತಕ ತಿದ್ದುತ್ತಿದ್ದಾನಂತೆ. ಕಲ್ಲಿನ ಮೇಲೆ ದೋಣಿ ಥಾಮಸ್, ಮೇರಿ. ಅವಳ ಹೆಸರಿನ ಕೆಳಗೆ ಒಂದು ಸಾಲು, ದೋಣಿ ನಡೆಸಿದವಳು ಎಂದು. ಹೊಸ ಮಾಹಿತಿಯಂತೆ. ಅತ್ತೆಯ ಕ್ಲೋಸೆಟ್ಟಿನಲ್ಲಿ ಎಷ್ಟೋ ವರ್ಷದಿಂದ ಇದ್ದದ್ದು.

ಕೊನೆಯಲ್ಲಿ, ನಾಳೆ ಸಂಜೆಯೊಳಗೆ ನಿಮ್ಮ ತಂದೆ, ತಾಯಿ, ಅಜ್ಜ, ಅಜ್ಜಿಯರ ಹೆಸರು ಕಳಿಸಿ. ಹೆಂಗಸರದು ತವರಿನ ಹೆಸರು. ಎಲ್ಲರಿಗೂ ಅದೇ ನಿಯಮ.

ಆಹಾ, ಈಗ ಬಂದೆಯಾ ದಾರಿಗೆ, ಎಂದು ಟೈಪು ಮಾಡಲು ಕೂತೆ. ಅಪ್ಪ, ಅಮ್ಮ, ಇಬ್ಬರು ತಾತಂದಿರು, ಅಮ್ಮನ ಅಮ್ಮ, ಆಯಿತು. ಅಪ್ಪನ ಅಮ್ಮ ಲಕ್ಷ್ಮೀದೇವಮ್ಮ. ಒಂದು ಸಲ ಖಾತ್ರಿ ಮಾಡಿಕೊಳ್ಳೋಣ ಎಂದು ಮೈಸೂರಿಗೆ ಜಲಜತ್ತೆಗೆ ಫೋನು ಮಾಡಿದೆ. ಅಪ್ಪನ ತಂಗಿ. ಆ ತಲೆಮಾರಿನಲ್ಲಿ ಉಳಿದವರು ಅವರೊಬ್ಬರೇ.

"ಲಕ್ಷ್ಮೀದೇವಿ ನಮ್ಮನೇಲಿ ಇಟ್ಟ ಹೆಸರು ಕಣೇ," ಅಂದರು. "ಅಮ್ಮಂಗೆ ಮದುವೇಲಿ ಹೆಸರು ಬದಲಾಯಿಸಿದ್ರು. ಅತ್ತೆಮನೇಲಿ ಆಗ್ಲೇ ಒಬ್ಬರಿಗೆ ಅಮ್ಮನ ತವರಿನ ಹೆಸರೇ ಇತ್ತಂತೆ. ಗೊಂದಲ ಬೇಡಾಂತ."

"ಮತ್ತೆ ಹುಟ್ಟಿದ ಹೆಸರು?"

ಹಿಂದೆ ಕುಕ್ಕರು ಕೂಗುತ್ತಿತ್ತು.

"ಅವರಣ್ಣ ಬಂದಾಗ ಏನೋ ಕರೀತಿದ್ರು... ನಾನು ಚಿಕ್ಕೋಳು. ಅಮ್ಮನೂ ಬೇಗ ಹೋಗ್ಬಿಟ್ರು. ಯಾರೂ ಕೇಳ್ಲೇ ಇಲ್ಲ ನೋಡು."

ಮುನ್ನೂರು ವರ್ಷದ ಹಿಂದಿನವಳಲ್ಲ ಇವಳು. ಅಪ್ಪನ ಅಮ್ಮ. ಅಪ್ಪ ಪ್ರತಿ ವರ್ಷ ಶ್ರಾದ್ಧ ಮಾಡಿದರು, ಆ ಇಟ್ಟ ಹೆಸರಿಗೇ. ಗೋರ್ಡನ್‌ಗಾದರೆ ಫೋನು ಮಾಡಿ ಜಗಳವಾಡಬಹುದು. ಈ ಜಗಳವನ್ನು ಯಾರ ಹತ್ತಿರ ಆಡಲಿ?

ಆಗಸ್ಟ್ 3, ಭಾನುವಾರ, ಸಂಜೆ 4

ಗೋರ್ಡನ್‌ಗೆ ಇನ್ನೂ ಕಳಿಸಿಲ್ಲ. ಆ ಒಂದು ಜಾಗ ಖಾಲಿ. ಆಲನ್ ಹೇಳುತ್ತಾನೆ, ಲಕ್ಷ್ಮೀದೇವಮ್ಮ ಅಂತಲೇ ಹಾಕು, ಯಾರಿಗೆ ಗೊತ್ತಾಗುತ್ತದೆ. ಹಾಗೆ ಹಾಕಿದರೆ ನನಗೂ ಗೋರ್ಡನ್‌ಗೂ ಏನು ವ್ಯತ್ಯಾಸ? ಖಾಲಿಯೇ ಇರಲಿ. ಖಾಲಿ ಎಂದು ಎಲ್ಲರಿಗೂ ಕಾಣಲಿ.

ಫೋನು. ಜಲಜತ್ತೆ. ಅಲ್ಲಿನ್ನೂ ಬೆಳಕೇ ಹರಿದಿಲ್ಲ. ಈ ಹೊತ್ತಿನಲ್ಲಿ ಸುಮ್ಮಸುಮ್ಮನೆ ಮಾಡುವವರಲ್ಲ. ಬಿಕ್ಕುತ್ತಿದ್ದಾರೋ ನಗುತ್ತಿದ್ದಾರೋ. ಕನಸಲ್ಲಲ್ಲ ಕಣೇ, ನಿಜವಾಗ್ಲೂ ಅಮ್ಮನ ಹೆಸರು ನೆನಪಾಯ್ತು, ಬರ್ಕೋ ಬರ್ಕೋ, ಅನ್ನುತ್ತಿದ್ದಾರೆ. ಬರೆದುಕೊಳ್ಳುತ್ತಿದ್ದೇನೆ, ಅತ್ತೆ, ನಿಧಾನವಾಗಿ ಹೇಳಿ —